ಎಡ ಬಂತು, ಹಿಡ್ಕೊಳೇ

ಬೀದಿಯ ಮಕ್ಕಳು ಅವಳಿಗೆ ನಿಂಬೆಕ್ಕ ಎಂದು ಹೆಸರಿಟ್ಟದ್ದು ಅವಳ ಬಣ್ಣ ನೋಡಿಯಲ್ಲ, ನಾಲಗೆಯ ಹುಳಿಗೂ ಅಲ್ಲ. ಕಾರು ಹತ್ತುವ ದಿನ ಅವಳ ಕೈಯಲ್ಲೊಂದು ನಿಂಬೆಹಣ್ಣು ಇರಲೇಬೇಕಿತ್ತು. ಉಗುರಿನಿಂದ ಸಿಪ್ಪೆ ಗೀರಿ ಮೂಗಿಗೆ ಹಿಡಿದುಕೊಂಡು, ನೇಣಿಗೆ ಹೊರಟವಳ ಮುಖ ಮಾಡಿಕೊಂಡು ಕಾರಿನ ಬಾಗಿಲ ಬಳಿ ನಿಂತಿರುತ್ತಿದ್ದಳು. ಮದುವೆಮನೆಗೆ ಹೊರಟಿದ್ದರೂ ಅದೇ ಮುಖ, ಸಾವಿನ ಮನೆಗೆ ಹೊರಟಿದ್ದರೂ ಅದೇ ಮುಖ. ಎಲ್ಲಿಗೆ ಹೊರಟಿದ್ದಾಳೆಂದು ತಿಳಿಯಬೇಕಾದರೆ ಅವಳು ಉಟ್ಟ ಬಟ್ಟೆ ನೋಡಬೇಕಿತ್ತು.

ಅವಳ ಕೆಲಸ ಇಸ್ತ್ರಿ. ಮೂರು ಮಹಡಿಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಅವಳ ಮೇಜು. ಮೇಜಿನ ಮೇಲೆ ಹಳೆಯ ಕಂಬಳಿ, ಅದರ ಮೇಲೆ ಅಲ್ಲಲ್ಲಿ ಕಂದಾದ ಬಿಳಿ ಹೊದಿಕೆ, ಪಕ್ಕದಲ್ಲಿ ನೀರು ಚಿಮುಕಿಸಲು ಮುಚ್ಚಳಕ್ಕೆ ತೂತು ಹೊಡೆದ ಬಾಟಲಿ. ಬೆಳಗಿನಿಂದ ಸಂಜೆಯವರೆಗೆ ನಿಂತಲ್ಲೇ ನಿಂತು ಮೂರು ಮಹಡಿಯವರ ಅಂಗಿಗಳ ಸುಕ್ಕು ಬಿಡಿಸುತ್ತಿದ್ದಳು. ಕಾಲು ನೋಯುವುದಿಲ್ಲವೇ ಎಂದು ಯಾರಾದರೂ ಕೇಳಿದರೆ, "ನೋಯುತ್ತೆ. ಆದ್ರೆ ನೆಲ ಅಲ್ಲಾಡಲ್ವಲ್ಲ, ಅಷ್ಟು ಸಾಕು" ಎನ್ನುತ್ತಿದ್ದಳು. ಅಲ್ಲಾಡದ ನೆಲ ಅವಳಿಗೆ ಅಷ್ಟು ಪ್ರಿಯ. ಚಿಕ್ಕಂದಿನಲ್ಲಿ ಉಯ್ಯಾಲೆ ಕಂಡರೂ ಮಾರು ದೂರ ಹೋಗುತ್ತಿದ್ದಳಂತೆ.

ಇಂಥವಳಿಗೆ ಗಂಡನಾಗಿ ಸಿಕ್ಕವನು ಬಾಡಿಗೆ ಕಾರಿನ ಡ್ರೈವರು. ಹೆಣ್ಣು ನೋಡಲು ಬಂದವರು ಹಾಡು ಬರುತ್ತದೆಯೇ, ಅಡುಗೆ ಬರುತ್ತದೆಯೇ ಎಂದೆಲ್ಲ ಕೇಳಿದರು. ಕಾರಿನಲ್ಲಿ ಕೂತರೆ ಏನು ಬರುತ್ತದೆ ಎಂದು ಯಾರೂ ಕೇಳಲಿಲ್ಲ. ಮದುವೆಯಾದ ಹೊಸತರಲ್ಲಿ ಮಾಲೀಕರನ್ನು ಕಾಡಿ ಬೇಡಿ ಕಾರು ಕೇಳಿಕೊಂಡು, ಕೂದಲಿಗೆ ನೀರು ಹಚ್ಚಿ ಬಾಚಿ, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಭಾರಿ ಠೀವಿಯಿಂದ ಹೊರಟಿದ್ದ. ಊರ ಅಂಚು ದಾಟುವ ಮೊದಲೇ ಅವನ ಠೀವಿಯೆಲ್ಲ ಸೀಟಿನ ಮೇಲೆ ಬಿದ್ದಿತ್ತು. ಅವನು ಕಾರು ನಿಲ್ಲಿಸಿ, ಈ ಕಡೆ ಸುತ್ತಿ ಬಂದು, ಅವಳ ಹಣೆ ಒತ್ತಿ ಹಿಡಿದುಕೊಂಡ. ಆಮೇಲೆ ರಸ್ತೆ ಬದಿಯ ನಲ್ಲಿಯಲ್ಲಿ ಬಕೆಟ್ಟು ತುಂಬಿಸಿ ಸೀಟು ಉಜ್ಜುತ್ತ, "ನನ್ನ ಕಾರಲ್ಲಿ ಇವತ್ತಿನವರೆಗೆ ಒಬ್ರೂ ವಾಂತಿ ಮಾಡ್ಕೊಂಡಿಲ್ಲ ಗೊತ್ತಾ" ಎಂದ.

"ಶುರು ಮಾಡೋಕೆ ಮನೆಯವರೇ ಆಗ್ಬೇಕಲ್ವಾ" ಎಂದಳು ಅವಳು, ಕಲ್ಲಿನ ಮೇಲೆ ತಲೆ ತಗ್ಗಿಸಿ ಕೂತು.

ಅವನು ನಗಲಿಲ್ಲ. ಅವನಿಗೆ ಅದು ನಗುವ ಮಾತಾಗಿರಲಿಲ್ಲ. ಅವನು ಕಾರು ಓಡಿಸಿದರೆ ಹಿಂದೆ ಕೂತವರ ಮಡಿಲಲ್ಲಿ ಮಲಗಿದ ಮಗು ಮಗ್ಗುಲು ಬದಲಿಸುವುದಿಲ್ಲ ಎಂದು ಹೆಸರಾಗಿದ್ದ ಮನುಷ್ಯ. ಸ್ವಂತ ಹೆಂಡತಿಯೇ ಅವನ ಹೆಸರಿಗೆ ಮಸಿ ಬಳಿದಂತಾಗಿತ್ತು.

ಆಮೇಲೆ ಶುರುವಾಯಿತು ಮದ್ದುಗಳ ಮೆರವಣಿಗೆ. ಹೊಟ್ಟೆಯ ಮೇಲೆ ನ್ಯೂಸ್‌ಪೇಪರು ಕಟ್ಟಿಕೋ ಎಂದರು, ಕಟ್ಟಿಕೊಂಡಳು. ಖಾಲಿ ಹೊಟ್ಟೆಯಲ್ಲಿ ಹೋಗು ಎಂದರು, ಹೋದಳು. ಛೇ, ಖಾಲಿ ಹೊಟ್ಟೆಯಲ್ಲಿ ಹೋದದ್ದೇ ತಪ್ಪು ಎಂದರು. ತಿಂದು ಹೋದಳು, ತಿಂದದ್ದು ದಾರಿಯಲ್ಲಿ ಉಳಿಯಿತು. ಶುಂಠಿ ಜಗಿದಳು, ಕಿಟಕಿ ಇಳಿಸಿ ಗಾಳಿಗೆ ಮುಖ ಒಡ್ಡಿದಳು. ಮಾತ್ರೆಯೊಂದೇ ನಾಟಿದ್ದು. ಆದರೆ ಮಾತ್ರೆ ನುಂಗಿದರೆ ವಾಂತಿಯ ಜೊತೆಗೆ ಅವಳೂ ನಿಂತುಹೋಗುತ್ತಿದ್ದಳು. ನಾದಿನಿಯ ಮದುವೆಗೆ ಮಾತ್ರೆ ನುಂಗಿ ಹೋದವಳು, ಮದುವೆಮನೆಯ ಮೂಲೆಯಲ್ಲಿ ಮಡಚಿಟ್ಟ ಕುರ್ಚಿಗಳ ಪಕ್ಕ ನಿದ್ದೆ ಹೊಡೆದು, ಮದುಮಕ್ಕಳ ಮುಖ ನೋಡದೆ ವಾಪಸು ಬಂದಳು. ನಾದಿನಿ ಅದನ್ನು ಇವತ್ತಿಗೂ ಮರೆತಿಲ್ಲ.

ದಾರಿ ಕಂಡುಹಿಡಿದವನು ಗಂಡನೇ. ಒಂದು ದಿನ ಊಟಕ್ಕೆ ಕೂತವನು ತುತ್ತು ಕೈಯಲ್ಲೇ ಹಿಡಿದು ಕೇಳಿದ, "ಗಾಡಿ ಓಡಿಸೋನಿಗೆ ಯಾಕೆ ವಾಂತಿ ಬರಲ್ಲ, ಹೇಳು ನೋಡೋಣ?"

"ಓಡಿಸೋನಿಗೆ ಪುರುಸೊತ್ತೆಲ್ಲಿರುತ್ತೆ."

"ಅಲ್ಲ ಕಣೇ. ಅವನಿಗೆ ತಿರುವು ಮೊದ್ಲೇ ಗೊತ್ತಿರುತ್ತೆ. ಮೈ ತಯಾರಾಗಿರುತ್ತೆ. ನಿನಗೆ ಗೊತ್ತಿರಲ್ಲ, ಎತ್ತಾಕಿದ ಹಾಗಾಗುತ್ತೆ. ನಾಳೆಯಿಂದ ನಾನು ಹೇಳ್ತೀನಿ, ನೀನು ಕಣ್ಣು ಮುಚ್ಕೊಂಡು ಕೂತ್ಕೋ."

ಅವತ್ತಿನಿಂದ ಅವನು ಹೇಳತೊಡಗಿದ. ತಿರುವಿಗೆ ಸ್ವಲ್ಪ ಮೊದಲು, "ಎಡ ಬಂತು, ಹಿಡ್ಕೊಳೇ." ಅವಳು ಬಾಗಿಲ ಮೇಲಿನ ಹಿಡಿ ಹಿಡಿದು, ಮೈಯನ್ನು ಎಡಕ್ಕೆ ಒಂದಿಷ್ಟು ಕೊಟ್ಟು, "ಹೂಂ ರೀ, ಹಿಡ್ಕೊಂಡೆ" ಎನ್ನುತ್ತಿದ್ದಳು. ಅವಳು ಹೂಂ ಎಂದ ಮೇಲೆಯೇ ಅವನು ಸ್ಟೀರಿಂಗು ತಿರುಗಿಸುತ್ತಿದ್ದದ್ದು. "ಬಲ ಬಂತು, ಹಿಡ್ಕೊಳೇ." "ಹೂಂ ರೀ, ಹಿಡ್ಕೊಂಡೆ." ಹಂಪು, ಗುಂಡಿ, ಇಳಿಜಾರು, ಸೇತುವೆ, ಒಂದನ್ನೂ ಬಿಡದೆ ಹೇಳುತ್ತಿದ್ದ. ಹಿಂದೆ ಕೂತ ನೆಂಟರು ಮುಸಿಮುಸಿ ನಗುತ್ತಿದ್ದರು. ನಗಲಿ, ಯಾರಪ್ಪನ ಗಂಟೇನು ಹೋಯಿತು? ಅವಳ ವಾಂತಿ ನಿಂತಿತು. ನಿಂಬೆಹಣ್ಣು ಮಾತ್ರ ಅಭ್ಯಾಸಕ್ಕೆಂದು ಕೈಯಲ್ಲಿ ಉಳಿಯಿತು.

ಹೀಗೆ ಅವಳು ಆಯುಷ್ಯದ ಬಹುಪಾಲು ಪ್ರಯಾಣವನ್ನು ಕಣ್ಣು ಮುಚ್ಚಿಕೊಂಡೇ ಮಾಡಿದಳು. ದೊಡ್ಡಾಸ್ಪತ್ರೆ ಅವಳಿಗೆ ಗೊತ್ತಿದ್ದದ್ದು ಒಂದು ಎಡ, ಹಂಪು, ಒಂದು ಬಲ, ಸೇತುವೆ, ಆಮೇಲೆ ಒಂದು ಉದ್ದನೆಯ ಎಡ ಎಂದು. ದಾರಿಯಲ್ಲಿ ಏನೇನಿದೆ ಎಂದು ಅವನು ಹೇಳುತ್ತಿರಲಿಲ್ಲ. ಅವಳ ಹೊಟ್ಟೆಗೆ ಸಂಬಂಧಪಟ್ಟದ್ದನ್ನಷ್ಟೇ ಹೇಳುತ್ತಿದ್ದ. ಮನೆಯಲ್ಲಂತೂ ಅವನು ಬಾಯಿ ಬಿಡುವ ಆಸಾಮಿಯೇ ಅಲ್ಲ. ಊಟ ಹೇಗಿದೆ ಎಂದರೆ ತಲೆಯಾಡಿಸುತ್ತಿದ್ದ, ಅಂಗಿ ಚೆನ್ನಾಗಿದೆಯೇ ಎಂದರೂ ತಲೆಯಾಡಿಸುತ್ತಿದ್ದ. ಅವನಿಂದ ನಾಲ್ಕು ಮಾತು ಕೇಳಬೇಕೆಂದರೆ ಕಾರು ಹತ್ತಬೇಕಿತ್ತು.

ಒಮ್ಮೆ ಮಾತ್ರ ಅವನು ಹೇಳದೆ ಹೋದದ್ದುಂಟು. ಯಾವುದೋ ಕೆಲಸಕ್ಕೆ ಬಾರದ ವಿಷಯಕ್ಕೆ ಜಗಳವಾಗಿ, ಇಬ್ಬರೂ ಮುಖ ಊದಿಸಿಕೊಂಡು ಕಾರು ಹತ್ತಿದ್ದರು. ಅವನು ತುಟಿ ಬಿಗಿದು ಓಡಿಸಿದ. ಅವಳೂ ಹಟಕ್ಕೆ ಬಿದ್ದು ಕಣ್ಣು ತೆರೆಯಲಿಲ್ಲ. ಎರಡನೆಯ ತಿರುವಿಗೇ ಎಲ್ಲ ಹೊರಗೆ ಬಂತು. ಅವನು ಗಾಬರಿಯಾಗಿ ಕಾರು ನಿಲ್ಲಿಸಿ ಅವಳ ಹಣೆ ಹಿಡಿದುಕೊಂಡ. ಅವಳು ಬಾಯಿ ತೊಳೆದುಕೊಂಡು, "ಕೋಪ ಇದ್ರೆ ಮನೇಲಿ ಮಾತು ಬಿಡಿ. ಕಾರಲ್ಲಿ ಬಿಡ್ಬೇಡಿ" ಎಂದು ಅತ್ತುಬಿಟ್ಟಳು. ಅವನು ಮತ್ತೆಂದೂ ಕಾರಿನಲ್ಲಿ ಮಾತು ಬಿಡಲಿಲ್ಲ.

ಅಂಥವನಿಗೆ ಒಂದು ಬೆಳಿಗ್ಗೆ, ಕಾರಿನ ಗಾಜು ಒರೆಸುತ್ತಿದ್ದಾಗ, ಲಕ್ವ ಹೊಡೆಯಿತು. ಬಟ್ಟೆ ಕೈಯಿಂದ ಜಾರಿತು, ಬಗ್ಗಿ ಎತ್ತಿಕೊಳ್ಳಲು ಹೋದವನು ಏಳಲಿಲ್ಲ. ಜೀವ ಉಳಿಯಿತು. ಬಲಗೈ ಬಲಗಾಲು ಸೊರಗಿದವು, ಮುಖ ಒಂದು ಕಡೆಗೆ ಜಗ್ಗಿತು, ಮಾತು ಹೋಯಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಕಿಟಕಿ ಪಕ್ಕದ ಮಂಚದಲ್ಲಿ ಕೂತು ಬೀದಿ ನೋಡುತ್ತಿದ್ದ. ನೀರು ಬೇಕೇ ಎಂದರೆ ಕಣ್ಣು ಹೊರಳಿಸುತ್ತಿದ್ದ. ನಿಂಬೆಕ್ಕ ಮೆಟ್ಟಿಲ ಕೆಳಗಿನ ಮೇಜನ್ನು ಮನೆಗೇ ತರಿಸಿ, ಅವನ ಎದುರು ಹಾಕಿಕೊಂಡು ಇಸ್ತ್ರಿ ಮಾಡುತ್ತ, ಯಾರ ಮನೆಯ ಅಂಗಿಗೆ ಯಾವ ಕಲೆ ಎಂದು ಅವನಿಗೆ ಹೇಳುತ್ತಿದ್ದಳು. ಉತ್ತರವಿಲ್ಲ. ಅವನು ಮೊದಲೂ ಉತ್ತರ ಕೊಡುತ್ತಿರಲಿಲ್ಲ, ನಿಜ. ಆದರೆ ಕೊಡದೆ ಇರುವುದೇ ಬೇರೆ, ಕೊಡಲಾಗದೆ ಇರುವುದೇ ಬೇರೆ ಎಂದು ಅವಳಿಗೆ ಆಗ ತಿಳಿಯಿತು.

ಮಾತು ಮರಳಿ ಬರುವುದಾದರೆ ಮೊದಲ ಕೆಲವು ತಿಂಗಳಲ್ಲೇ ಬರಬೇಕು, ವಾರಕ್ಕೊಮ್ಮೆ ಮಾತಿನ ಟೀಚರಮ್ಮನ ಹತ್ತಿರ ಕರೆತನ್ನಿ ಎಂದರು ಡಾಕ್ಟರು. ಟೀಚರಮ್ಮ ಇದ್ದದ್ದು ದೊಡ್ಡಾಸ್ಪತ್ರೆಯಲ್ಲಿ. ಕಾರು ತಂದವನು ಶಿಷ್ಯ; ಡ್ರೈವರನ ಹತ್ತಿರವೇ ಗಾಡಿ ಕಲಿತು ಈಗ ಸ್ವಂತ ಕಾರು ಇಟ್ಟುಕೊಂಡಿದ್ದ, ತಲೆ ಬೋಳಾಗತೊಡಗಿದ್ದ ಗೃಹಸ್ಥ. ಮುಂದೆ ಅವನ ಪಕ್ಕ ನಿಂಬೆಕ್ಕನ ಮಗಳು ಕೂತಳು. ಅವಳಿಗೆ ಪಕ್ಕದ ಬೀದಿಯಲ್ಲೇ ಗಂಡನ ಮನೆ, ಔಷಧದಂಗಡಿಯಲ್ಲಿ ಕೆಲಸ, ಮನೆಯಲ್ಲಿ ಕೈಗೂಸು. ಕೂಸನ್ನು ಅತ್ತೆಯ ಹತ್ತಿರ ಬಿಟ್ಟು ಬಂದಿದ್ದಳು. ಹಿಂದಿನ ಸೀಟಿನಲ್ಲಿ ಗಂಡನನ್ನು ದಿಂಬು ಕೊಟ್ಟು ಕೂರಿಸಿ, ನಿಂಬೆಕ್ಕ ಪಕ್ಕದಲ್ಲಿ ಕೂತಳು. ಮಡಿಲಲ್ಲಿ ಪ್ಲಾಸ್ಟಿಕ್ ಚೀಲ ಬಿಚ್ಚಿಟ್ಟುಕೊಂಡಳು. ಇವತ್ತು ಹೇಳುವವರಿಲ್ಲ, ಆಗುವುದೆಲ್ಲ ಆಗಲಿ ಎಂದುಕೊಂಡು ಕಣ್ಣು ಮುಚ್ಚಿದಳು.

ಬೀದಿಯ ಕೊನೆ ಬಂತು. ಕಾರು ನಿಧಾನವಾಯಿತು, ತಿರುಗಿತು.

"ಎಡ."

ಪಕ್ಕದಿಂದ ಬಂದಿತ್ತು. ಗೊಗ್ಗರು ಧ್ವನಿ, ಬಾಯಿ ತುಂಬ ಹತ್ತಿ ಇಟ್ಟುಕೊಂಡು ಹೇಳಿದ ಹಾಗೆ. ಆದರೆ ಎಡ ಎಂಬುದು ಎಡವೇ. ಶಿಷ್ಯ ಕಾಲೆತ್ತಿ ಬ್ರೇಕಿನ ಮೇಲಿಟ್ಟ. "ಗುರುಗಳು ಮಾತಾಡಿದ್ರು! ಅಕ್ಕಾ, ಕೇಳಿಸ್ತಾ?" ಎಂದು ಕೂಗಿದ. ಹಿಂದಿನ ಕಾರಿನವನು ಹಾರನ್ ಹೊಡೆದು ಬಾಯಿಗೆ ಬಂದದ್ದು ಬೈದು ಹೋದ. ಮಗಳು ಹಿಂತಿರುಗಿ ಅಪ್ಪನ ಮೊಣಕಾಲು ಹಿಡಿದುಕೊಂಡು, "ಅಪ್ಪಾ, ಇನ್ನೊಂದ್ಸಲ ಹೇಳಿ, ಇನ್ನೊಂದ್ಸಲ" ಎಂದಳು. ಅವನು ಅವಳನ್ನು ನೋಡಲಿಲ್ಲ. ರಸ್ತೆ ನೋಡುತ್ತಿದ್ದ.

"ನೀನು ಓಡಿಸಪ್ಪ, ನಿಲ್ಲಿಸ್ಬೇಡ" ಎಂದಳು ನಿಂಬೆಕ್ಕ.

ಅವನು ದಾರಿಯುದ್ದಕ್ಕೂ ಹೇಳಿದ. ಹಂಪು ಎಂದ, ಬಲ ಎಂದ. ಒಂದೊಂದು ಮಾತೂ ತಡವಾಗಿ ಬರುತ್ತಿತ್ತು. ತಿರುವು ಮುಗಿದು, ಅವಳ ಹೊಟ್ಟೆ ತೊಳಸಿ, ಬಾಯಲ್ಲಿ ನೀರೂರಿದ ಮೇಲೆ ಅವನು ಬಲ ಎನ್ನುತ್ತಿದ್ದ. ಸೇತುವೆಯ ಹತ್ತಿರ ಅವಳು ಚೀಲಕ್ಕೆ ಮುಖ ಹಾಕಿದಳು. ಎತ್ತಿದಾಗ ಕಣ್ಣು ತೆರೆದಿತ್ತು, ಕಿಟಕಿಯಾಚೆ ನೀರು ಹೊಳೆಯುತ್ತಿತ್ತು. "ಇಲ್ಲಿ ಇಷ್ಟು ದೊಡ್ಡ ಕೆರೆ ಇದೆಯಾ?" ಎಂದು ಕೇಳಿದಳು. ಎಷ್ಟೋ ವರ್ಷಗಳಿಂದ ಅದೇ ದಾರಿಯಲ್ಲಿ ಓಡಾಡಿದವಳು! ಶಿಷ್ಯ ನಕ್ಕ, ಮಗಳು ನಕ್ಕಳು, ಅವಳೂ ಬಾಯಿ ಒರೆಸಿಕೊಳ್ಳುತ್ತ ನಕ್ಕಳು. ಅಷ್ಟು ಸಂತೋಷವಾಗಿ ಅವಳು ಯಾವತ್ತೂ ವಾಂತಿ ಮಾಡಿಕೊಂಡಿರಲಿಲ್ಲ.

ಟೀಚರಮ್ಮ ಲೋಟದ ಚಿತ್ರ ತೋರಿಸಿದರು, ಬಾಗಿಲು ತೋರಿಸಿದರು, ಕೊನೆಗೆ ಕಾರಿನ ಚಿತ್ರವನ್ನೇ ತೋರಿಸಿದರು. ಅವನು ಬಾಯಿ ತೆರೆಯಲಿಲ್ಲ. ವಿಷಯವೆಲ್ಲ ಕೇಳಿದ ಮೇಲೆ, ಬಹಳ ವರ್ಷ ಒಂದೇ ಹೊತ್ತಲ್ಲಿ ಒಂದೇ ರೀತಿ ಆಡಿದ ಮಾತು ಕೆಲವರಿಗೆ ಹೀಗೆ ಉಳಿದುಬಿಡುತ್ತದೆ ಎಂದು ಹೇಳಿದರು. "ಮೊದಲು ಪೂರ್ತಿ ಏನಂತಿದ್ರು?"

"ಎಡ ಬಂತು, ಹಿಡ್ಕೊಳೇ ಅಂತಿದ್ರು. ನಾನು ಹೂಂ ರೀ, ಹಿಡ್ಕೊಂಡೆ ಅಂತಿದ್ದೆ" ಎಂದಳು ನಿಂಬೆಕ್ಕ. ಹೇಳುವಾಗ ಮುದುಕಿಯ ಮುಖ ಕೆಂಪಾಯಿತು.

"ಹಾಗಾದ್ರೆ ನೀವು ಉತ್ತರ ಕೊಡ್ತಾನೇ ಇರಿ. ಕೇಳೋರಿದ್ದಾರೆ ಅಂತ ಗೊತ್ತಾದ್ರೆ ಉಳಿದದ್ದೂ ಬರಬಹುದು. ಬಂದೇ ಬರುತ್ತೆ ಅಂತ ಹೇಳಲ್ಲ."

ಅವಳು ಹಿಡಿದುಕೊಂಡದ್ದು ಬರಬಹುದು ಎಂಬ ಮಾತನ್ನು ಮಾತ್ರ. ಎಡ, ಬಲ ಎಂಬುದು ಯಾರು ಕೂತಿದ್ದರೂ ಹೇಳುವ ಮಾತು. ಹಿಡ್ಕೊಳೇ ಎಂಬುದು ಅವಳೊಬ್ಬಳಿಗೆ ಹೇಳಿದ್ದು. ಅದೊಂದು ಮತ್ತೆ ಅವನ ಬಾಯಿಂದ ಬಂದರೆ ಸಾಕು, ನೀರು ಅನ್ನ ಎಂಬುದನ್ನೆಲ್ಲ ಕಣ್ಣಲ್ಲೇ ಕೇಳಿಕೊಂಡರೂ ಪರವಾಗಿಲ್ಲ ಎಂದು ಅವಳಿಗೆ ಅನಿಸಿತು.

ಮನೆಯಲ್ಲೂ ಒಂದು ಕೈ ನೋಡಿದಳು. ಎರಡು ಕುರ್ಚಿಗಳನ್ನು ಕಿಟಕಿಯ ಕಡೆ ಮುಖ ಮಾಡಿ ಹಾಕಿ, ಅವನನ್ನು ಒಂದರಲ್ಲಿ ಕೂರಿಸಿ, ತಾನು ಇನ್ನೊಂದರಲ್ಲಿ ಕೂತು, ನಿಂಬೆಹಣ್ಣು ಹಿಡಿದು ಕಣ್ಣು ಮುಚ್ಚಿ ಎಡಕ್ಕೆ ವಾಲಿದಳು. ಏನೂ ಕೇಳಿಸಲಿಲ್ಲ. ಬಲಕ್ಕೆ ವಾಲಿದಳು. ಕಣ್ಣು ಬಿಟ್ಟು ನೋಡಿದರೆ ಅವನು ಅವಳನ್ನೇ ನೋಡುತ್ತ, ಕೆಲಸ ಮಾಡುವ ಅರ್ಧ ಬಾಯಲ್ಲಿ ನಗುತ್ತಿದ್ದ. ಅವಳಿಗೂ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ಅವಳು ಅತ್ತಳು.

ಕಾರೇ ಆಗಬೇಕು. ಹಾಗೆಂದು ಗಟ್ಟಿಯಾದ ಮೇಲೆ, ಕಾರೆಂದರೆ ಬೆಚ್ಚಿಬೀಳುತ್ತಿದ್ದ ನಿಂಬೆಕ್ಕ ಕಾರಿಗೆ ಜೋತುಬಿದ್ದಳು. ಆಸ್ಪತ್ರೆಯ ದಿನವಲ್ಲದೆ ಬೇರೆ ದಿನವೂ ಶಿಷ್ಯನಿಗೆ ಬಿಡುವಿದ್ದರೆ, "ಒಂದು ಸುತ್ತು ಹಾಕಿಸ್ಕೊಂಡು ಬಾರಪ್ಪ" ಎಂದು ಗೋಗರೆಯುತ್ತಿದ್ದಳು. ಯಾವ ಕಡೆಗೆ ಎಂದು ಕೇಳಿದರೆ, "ತಿರುವು ಜಾಸ್ತಿ ಇರೋ ಕಡೆಗೆ" ಎನ್ನುತ್ತಿದ್ದಳು. ಬೀದಿಯವರು ಮುದುಕಿಗೆ ತಲೆ ಕೆಟ್ಟಿತು ಎಂದುಕೊಂಡರು. ಅವಳು ಪ್ರತಿ ಸಲವೂ ಚೀಲ ತುಂಬಿಸಿಕೊಂಡು ಇಳಿಯುತ್ತಿದ್ದಳು. ಅವನು ಎಡ ಎಂದಾಗ, ತಡವಾಗಿಯೇ ಎಂದಿದ್ದರೂ, ಹೊಟ್ಟೆ ಒತ್ತಿಕೊಂಡೇ "ಹೂಂ ರೀ, ಹಿಡ್ಕೊಂಡೆ" ಎನ್ನುತ್ತಿದ್ದಳು.

"ಅಕ್ಕಾ, ಗುರುಗಳ ಮಾತು ಲೇಟು, ನಿಮ್ಮ ವಾಂತಿ ಮಾತ್ರ ಸರಿಯಾದ ಟೈಮಿಗೆ" ಎಂದು ಶಿಷ್ಯ ತಮಾಷೆ ಮಾಡುತ್ತಿದ್ದ.

ಬರಬರುತ್ತ ಮಾತು ತಿರುವಿನ ಹತ್ತಿರ ಹತ್ತಿರ ಬರತೊಡಗಿತು. ತಿರುವು ಮುಗಿದ ಮೇಲೆ ಬರುತ್ತಿದ್ದದ್ದು ತಿರುವಿನ ನಡುವೆ ಬಂತು. ಒಂದು ಬೆಳಿಗ್ಗೆ, ಕೆರೆಯ ಪಕ್ಕದ ಉದ್ದನೆಯ ಎಡಕ್ಕೆ ಇನ್ನೂ ದೂರವಿರುವಾಗಲೇ ಅವನು ಹೇಳಿದ, "ಎಡ ಬಂತು." ಎರಡು ಮಾತು! ಅವಳ ಕೈ ತಾನಾಗಿ ಮೇಲೆ ಹೋಗಿ ಹಿಡಿ ಹಿಡಿಯಿತು, ಮೈ ತಾನಾಗಿ ವಾಲಿತು, ಹೊಟ್ಟೆ ತಣ್ಣಗೆ ಕೂತಿತ್ತು. ಅವತ್ತು ಮನೆಗೆ ಬಂದು ಅವಳು ಹಾಡು ಗುನುಗುತ್ತ ಇಸ್ತ್ರಿ ಮಾಡಿದಳು, ಒಂದು ಅಂಗಿಯ ಕಾಲರನ್ನು ಸುಟ್ಟಳು ಕೂಡ.

ಆದರೆ ಮೈ ಕೇಳಬೇಕಲ್ಲ. ವಾರವಾರವೂ ಹೊಟ್ಟೆ ಖಾಲಿ ಮಾಡಿಕೊಂಡ ವಯಸ್ಸಾದ ಜೀವ ಕಡ್ಡಿಯಾಗಿತ್ತು. ಒಂದು ದಿನ ಇಸ್ತ್ರಿ ಪೆಟ್ಟಿಗೆ ಎತ್ತಲು ಹೋಗಿ ಕಣ್ಣು ಕತ್ತಲೆ ಬಂದು ಗೋಡೆ ಹಿಡಿದು ನಿಂತಳು. ಅದನ್ನು ಮಗಳು ನೋಡಿದಳು. ಮುಂದಿನ ಸಲ ಆಸ್ಪತ್ರೆಗೆ ಹೊರಡುವಾಗ ಅಂಗಡಿಯಿಂದ ಮಾತ್ರೆ ತಂದು, ನೀರಿನ ಲೋಟ ಹಿಡಿದು ಎದುರು ನಿಂತಳು.

"ಬೇಡ ಕಣೇ. ಅದು ನುಂಗಿದ್ರೆ ನಿದ್ದೆ ಎಳೆಯುತ್ತೆ."

"ಎಳೀಲಿ. ಒಂದಿನ ಮಲಗಿದ್ರೆ ಏನಾಗುತ್ತೆ? ಅಪ್ಪ ಒಬ್ರು ಹೀಗಾಗಿದ್ದು ಸಾಲ್ದಾ? ನೀನೂ ಬಿದ್ರೆ ನಾನು ಯಾರಿಗೆ ಅಂತ ಮಾಡ್ಲಿ ಅಮ್ಮ?" ಮಗಳ ಕಣ್ಣು ತುಂಬಿತ್ತು. ರಾತ್ರಿಯೆಲ್ಲ ಕೂಸಿಗೆ ಜ್ವರವೆಂದು ಅವಳೂ ನಿದ್ದೆಗೆಟ್ಟಿದ್ದಳು.

ನಿಂಬೆಕ್ಕ ನುಂಗಿದಳು. ಮಗಳ ಮುಖ ನೋಡಿ ನುಂಗಿದಳು.

ಹೋಗುವಾಗ ಹೇಗೋ ತೂಕಡಿಸುತ್ತ, ತನ್ನ ತೊಡೆ ತಾನೇ ಚಿವುಟಿಕೊಳ್ಳುತ್ತ ಎಚ್ಚರವಿದ್ದಳು. ಟೀಚರಮ್ಮನ ಕೋಣೆಯ ಹೊರಗಿನ ಬೆಂಚಿನಲ್ಲಿ ಕಾದು ಕಾದು ಮಂಪರು ಏರಿತು. ವಾಪಸು ಬರುವಾಗ ಕಾರು ಹತ್ತಿ ಕೂತದ್ದಷ್ಟೇ ನೆನಪು. ಮನೆ ಬಾಗಿಲಲ್ಲಿ ಮಗಳು ಭುಜ ಅಲುಗಿಸಿದಾಗ ಬಾಯಿ ಒಣಗಿ, ಕತ್ತು ಉಳುಕಿ ಎಚ್ಚರವಾಯಿತು. ಮಡಿಲಲ್ಲಿ ಚೀಲ ಖಾಲಿ ಇತ್ತು.

ಮಗಳ ಮುಖ ಅರಳಿತ್ತು. "ನೋಡು, ಒಂದ್ಸಲಾನೂ ಆಗ್ಲಿಲ್ಲ. ನಾನು ಹೇಳಿದ್ನಾ ಇಲ್ವಾ? ಅಮ್ಮಾ, ಇನ್ನೊಂದು ವಿಷಯ ಗೊತ್ತಾ? ಅಪ್ಪ ಇವತ್ತು ಹಳೇ ಮಾತು ಪೂರ್ತಿ ಹೇಳಿದ್ರು. ನೀನು ಉತ್ತರ ಕೊಡ್ತಿಲ್ಲ ಅಂತ ಧ್ವನಿ ಜೋರು ಮಾಡಿದ್ರು ಬೇರೆ. ಸೇತುವೆ ಹತ್ರ, ಬಲ ಬಂತು, ಹಿಡ್ಕೊಳೇ, ಹಿಡ್ಕೊಳೇ ಅಂತ ಎರಡು ಸಲ ಅಂದ್ರು! ಎಷ್ಟು ಸ್ಪಷ್ಟವಾಗಿ ಅಂತೀಯ!"

ನಿಂಬೆಕ್ಕ ಕಾರಿನ ಬಾಗಿಲು ಹಿಡಿದುಕೊಂಡಳು. "ಆಮೇಲೆ?"

"ಆಮೇಲೇನು, ನಿನಗೆ ಎಚ್ಚರ ಆಗ್ಬಿಡುತ್ತೆ ಅಂತ ನಾನೇ, ಶ್, ಅಪ್ಪ, ಅಮ್ಮ ಮಲಗಿದಾಳೆ, ಸುಮ್ನಿರಿ ಅಂದೆ. ಪಾಪ, ಮಗು ಥರ ಬಾಯಿ ಮುಚ್ಕೊಂಡ್ರು. ಮನೆವರೆಗೂ ಒಂದು ಮಾತಾಡ್ಲಿಲ್ಲ ನೋಡು."

ನಿಂಬೆಕ್ಕ ಗಂಡನ ಕಡೆ ತಿರುಗಿದಳು. ಅವನು ದಿಂಬಿಗೆ ಒರಗಿ ಮುಂದಿನ ಗಾಜಿನಾಚೆ ನೋಡುತ್ತಿದ್ದ. "ರೀ, ನಾನು ಎದ್ದಿದೀನಿ. ಈಗ ಹೇಳಿ" ಎಂದಳು. ಕಾರು ನಿಂತಿತ್ತು. ನಿಂತ ಕಾರಿನಲ್ಲಿ ಅವನು ಏನು ಹೇಳಿಯಾನು?

ಮುಂದಿನ ವಾರ ಅವಳು ಮಾತ್ರೆ ಮುಟ್ಟಲಿಲ್ಲ. ಬೀದಿಯ ಕೊನೆಯ ಎಡ ಬಂತು, ಹೋಯಿತು. ಹಂಪು ಬಂತು. ಶಿಷ್ಯ ಕನ್ನಡಿಯಲ್ಲಿ ಗುರುಗಳ ಮುಖ ನೋಡಿದ. ಅವನು ಎಂದಿನಂತೆ ರಸ್ತೆ ನೋಡುತ್ತಿದ್ದ, ಬಾಯಿ ಮುಚ್ಚಿತ್ತು. ಸೇತುವೆಯ ಹತ್ತಿರ ಅವಳು ಅವನ ಕೈ ಹಿಡಿದು, "ಹೇಳಿ ರೀ, ಯಾರೂ ಏನೂ ಅನ್ನಲ್ಲ" ಎಂದು ಕಿವಿಯಲ್ಲಿ ಹೇಳಿದಳು. ಅವನು ಅವಳನ್ನೊಮ್ಮೆ ನೋಡಿ ಮತ್ತೆ ರಸ್ತೆಗೆ ಕಣ್ಣು ಹೊರಳಿಸಿದ. ಅವಳಿಗೆ ಆ ಹಳೆಯ ಜಗಳ, ಅವನು ಬಿಗಿದುಕೊಂಡಿದ್ದ ತುಟಿ, ತಾನು ಅಂದ ಮಾತು ಎಲ್ಲ ನೆನಪಾಯಿತು. ಕೋಪವೋ, ಹೆಂಡತಿಯ ನಿದ್ದೆ ಕೆಡಿಸಬಾರದೆಂಬ ಕಾಳಜಿಯೋ? ಅವನನ್ನು ಕೇಳಿ ತಿಳಿಯುವ ಹಾಗಿರಲಿಲ್ಲ.

ಡಾಕ್ಟರು ತಲೆಯ ಚಿತ್ರ ತೆಗೆಸಿದರು. ಒಳಗೆ ಲಕ್ವದ ಇನ್ನೊಂದು ಸಣ್ಣ ಹೊಡೆತ ಬಿದ್ದಿದೆ, ಈ ಕೆಲವು ದಿನಗಳಲ್ಲೇ ಆದದ್ದು, ನೀವು ಗಮನಿಸಿರಲಿಕ್ಕಿಲ್ಲ ಎಂದರು. ಇನ್ನು ಮಾತಿನ ಆಸೆ ಇಟ್ಟುಕೊಳ್ಳಬೇಡಿ ಎಂದು ನೇರವಾಗಿ ಹೇಳಲಿಲ್ಲ, ಆದರೆ ನಡೆಯುವ ವ್ಯಾಯಾಮಕ್ಕೆ ಮಾತ್ರ ಕರೆತನ್ನಿ ಎಂದರು. ಟೀಚರಮ್ಮ ಕಾರಿಡಾರಿನಲ್ಲಿ ಎದುರಾದವರು ನಿಂಬೆಕ್ಕನ ಕೈ ಸುಮ್ಮನೆ ಹಿಡಿದುಕೊಂಡರು.

ಡಾಕ್ಟರು ಹೇಳಿದ್ದು ನಿಜವೇ ಇರಬೇಕು. ನಿಂಬೆಕ್ಕ ಅದನ್ನು ನಂಬಿದಳು, ನಂಬಲೇಬೇಕಿತ್ತು. ಆದರೂ ದುಪ್ಪಟಿಯ ಮೇಲೆ ಇಸ್ತ್ರಿ ಎಳೆಯುವಾಗ ಒಮ್ಮೊಮ್ಮೆ ಕೈ ನಿಂತುಬಿಡುತ್ತಿತ್ತು. ಅಷ್ಟು ದಿನ ಕಾದದ್ದು ಬಂದಾಗ ಅವಳು ಮಲಗಿದ್ದಳು. ಎರಡು ಸಲ ಕರೆದರೂ ಹೂಂ ಎನ್ನಲಿಲ್ಲ. ಅವಳ ಹೊಟ್ಟೆಯಲ್ಲಿ ಇದಕ್ಕಿಂತ ದೊಡ್ಡ ಸಂಕಟ ಯಾವ ಕಾರಿನಲ್ಲೂ ಎದ್ದಿರಲಿಲ್ಲ.

ಒಂದು ಸಂಜೆ ಮಗಳು ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ತಟ್ಟುತ್ತಿದ್ದವಳು, ತಲೆ ಎತ್ತದೆ ಕೇಳಿದಳು. "ಅಮ್ಮ, ಅವತ್ತು ನಾನು ಶ್ ಅಂದಿದ್ದಕ್ಕೇನಾದ್ರೂ..."

ನಿಂಬೆಕ್ಕ ತಡ ಮಾಡಲಿಲ್ಲ. ತಡ ಮಾಡಿದರೆ ಮಗಳು ಜೀವನವಿಡೀ ಅದನ್ನು ಹೊತ್ತುಕೊಂಡು ತಿರುಗುತ್ತಾಳೆ ಎಂದು ಅವಳಿಗೆ ಗೊತ್ತಿತ್ತು. "ಹೋಗೇ ಹುಚ್ಚಿ" ಎಂದಳು. "ನಿನ್ನ ಶ್ ಅನ್ನೋದಕ್ಕೆ ಅಷ್ಟು ಶಕ್ತಿ ಇದ್ದಿದ್ರೆ ಈ ಕೂಸು ಯಾವಾಗ್ಲೋ ಮಲಗ್ತಿತ್ತು. ಡಾಕ್ಟ್ರು ಹೇಳಿದ್ದು ಕೇಳಿಸ್ಕೊಂಡಿಲ್ವಾ ನೀನು?"

ಮಗಳು ಅಳುತ್ತ ನಕ್ಕಳು. ಕೂಸು ಕಣ್ಣು ಪಿಳಿಪಿಳಿ ಬಿಡುತ್ತ ಇಬ್ಬರನ್ನೂ ನೋಡಿತು. ಮಂಚದ ಮೇಲೆ ಕೂತವನು ಬೀದಿ ನೋಡುತ್ತಿದ್ದ. ನಿಂಬೆಕ್ಕ ಇಸ್ತ್ರಿ ಪೆಟ್ಟಿಗೆಯ ಶಾಖಕ್ಕೆ ಬೆವರಿದವಳಂತೆ ಸೆರಗಿನಿಂದ ಮುಖ ಒರೆಸಿಕೊಂಡಳು.

ಈಗಲೂ ವಾರಕ್ಕೊಮ್ಮೆ ಶಿಷ್ಯನ ಕಾರು ಬಾಗಿಲಿಗೆ ಬರುತ್ತದೆ, ನಡೆಯುವ ವ್ಯಾಯಾಮಕ್ಕೆ. ಮಗಳು ಮರೆಯದೆ ಮಾತ್ರೆ ತರುತ್ತಾಳೆ. ಬೇಡವೆಂದರೆ ಅವಳು ಏಕೆ ಎನ್ನುತ್ತಾಳೆ. ಏಕೆಂದು ಹೇಳಿದರೆ ಆ ಶ್ ಎಂಬುದು ಮತ್ತೆ ಇಬ್ಬರ ನಡುವೆ ಬಂದು ಕೂರುತ್ತದೆ. ಅದಕ್ಕೇ ನಿಂಬೆಕ್ಕ ಮಾತ್ರೆಯನ್ನು ಕೆನ್ನೆಯ ಸಂದಿಗೆ ಸರಿಸಿ, ಎರಡು ಗುಟುಕು ನೀರು ಕುಡಿದು, ನುಂಗಿದೆ ಎಂಬಂತೆ ತಲೆಯಾಡಿಸುತ್ತಾಳೆ. ಕಾರಿನ ಕಡೆ ಹೋಗುವಾಗ ಅದನ್ನು ಕೈಗೆ ಉಗಿದು, ಸೆರಗಿನ ತುದಿಯಲ್ಲಿ ಒರೆಸಿಕೊಳ್ಳುತ್ತಾಳೆ. ಕಹಿ ಬಾಯಲ್ಲೇ ಉಳಿಯುತ್ತದೆ.

ಮೊನ್ನೆಯೂ ಹಾಗೇ ಆಯಿತು. ಬೀದಿಯ ಕೊನೆಯ ತಿರುವಿಗೇ ಅವಳು ಚೀಲಕ್ಕೆ ಬಗ್ಗಿದಳು. ಮಗಳು ಹಿಂತಿರುಗಿ ಬೆನ್ನು ನೀವುತ್ತ, "ಈ ಮಾತ್ರೆ ಈಗ ಏನೂ ಕೆಲಸ ಮಾಡ್ತಿಲ್ಲಮ್ಮ. ಮುಂದಿನ ವಾರ ಬೇರೆ ಕಂಪನೀದು ತರ್ತೀನಿ" ಎಂದಳು.

"ತಾರಮ್ಮ, ನೋಡೋಣ" ಎಂದಳು ನಿಂಬೆಕ್ಕ.

ಬಾಯಿ ಒರೆಸಿಕೊಂಡು, ನಿಂಬೆಹಣ್ಣು ಮೂಗಿಗೆ ಹಿಡಿದು ಕಣ್ಣು ಮುಚ್ಚಿದಳು. ಹಂಪು ಹೋಯಿತು. ಮುಂದೆ ಸೇತುವೆಯ ಬಲ ಎಂದು ಅವಳಿಗೆ ಗೊತ್ತಿತ್ತು. ಕಾರು ನಿಧಾನವಾಯಿತು, ತಿರುಗಿತು, ಹೊಟ್ಟೆ ಮೇಲೆ ಬಂತು. ಅವಳು ಹಲ್ಲು ಕಚ್ಚಿ ಕಿವಿಯನ್ನು ಅವನ ಕಡೆಗಿಟ್ಟಳು. ಅವನ ಮಾತು ತಡವಾಗಿ ಬರುವ ಅಭ್ಯಾಸ ಅವಳಿಗಿತ್ತು. ತಿರುವು ಮುಗಿದ ಮೇಲೂ ಒಂದಿಷ್ಟು ಹೊತ್ತು ಬಿಟ್ಟಳು. ಗಾಲಿಯ ಸದ್ದು, ಶಿಷ್ಯ ಗೇರು ಬದಲಿಸಿದ ಸದ್ದು ಕೇಳಿಸಿತು. ಸೇತುವೆ ದಾಟಿ ಕೆರೆಯ ಗಾಳಿ ಮುಖಕ್ಕೆ ಬಡಿದಾಗ, ಮುಂದೆ ಕೂತ ಮಗಳಿಗೆ ಕೇಳಿಸದ ಹಾಗೆ, ಅವಳು ಮೆಲ್ಲಗೆ ಹೇಳಿದಳು:

"ಹೂಂ ರೀ, ಹಿಡ್ಕೊಂಡೆ."